ಕರೆಂಟ್ ಕೊಟ್ಟ ಜಾಗದ ಗಾಯ ಯಾಕೆ ಮಾಯುವುದಿಲ್ಲ? ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ಸ್ತನ ಕ್ಯಾನ್ಸರ್ ಬಗ್ಗೆ ಬರೆಯುವಾಗ ಒಂದು ಸಾಲು ಹಾಗೇ ಹೇಳಿ ಮುಂದೆ ಹೋಗಿದ್ದೆ. ರೇಡಿಯೇಷನ್ ಕೊಟ್ಟ ಜಾಗದಲ್ಲಿ ಎಷ್ಟೋ ವರ್ಷ ಆದಮೇಲೂ ಗಾಯ ಆಗಬಹುದು ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಿಂದ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಇದೇ ವಿಷಯ. ಮಂಡಿ ನೋವಿನವರು, ಗ್ಯಾಸ್ಟ್ರಿಕ್‌ನವರು ಮುಂದಿನ ಸಂಚಿಕೆ ತನಕ ಸ್ವಲ್ಪ ತಡೆದುಕೊಳ್ಳಿ.

ನಮ್ಮ ಕಡೆ ರೇಡಿಯೇಷನ್ ಅಂತ ಯಾರೂ ಹೇಳುವುದಿಲ್ಲ, ‘ಕರೆಂಟ್ ಕೊಡಿಸಿದ್ವಿ’ ಅಂತಲೇ ಹೇಳುವುದು. ಅದು ಕರೆಂಟ್ ಅಲ್ಲ, ಎಕ್ಸ್‌ರೇ ಜಾತಿಯ ಕಿರಣ, ಅದಕ್ಕಿಂತ ತುಂಬಾ ಜೋರಿನದು. ಆದರೂ ನೀವು ಬರೆದ ಹಾಗೇ ನಾನೂ ಕರೆಂಟ್ ಅಂತಲೇ ಬರೆಯುತ್ತೇನೆ. ಏನು ಹೇಳುತ್ತಿದ್ದೇವೆ ಅಂತ ಇಬ್ಬರಿಗೂ ಗೊತ್ತಲ್ವಾ, ಸಾಕು.

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮ ಅಮ್ಮನಿಗೆ 61 ವರ್ಷ. 11 ವರ್ಷದ ಹಿಂದೆ ಎಡಗಡೆ ಎದೆ ತೆಗೆಸಿ, ಬೆಂಗಳೂರಿನಲ್ಲಿ 25 ದಿನ ಕರೆಂಟ್ ಕೊಡಿಸಿದ್ವಿ. ಚೆನ್ನಾಗೇ ಇದ್ದರು. ಹೋದ ಮಳೆಗಾಲದಲ್ಲಿ ಆ ಜಾಗದಲ್ಲಿ ಒಂದು ಹುಣ್ಣು ಕಾಣಿಸಿಕೊಂಡಿತು. ಈಗ ಎಂಟಾಣೆ ನಾಣ್ಯದಷ್ಟು ತೂತಾಗಿದೆ, ರಸಿಗೆ ಬರುತ್ತದೆ, ವಾಸನೆ ಇದೆ. ಏಳು ತಿಂಗಳಿಂದ ದಿನಾ ಡ್ರೆಸ್ಸಿಂಗ್ ಮಾಡಿಸುತ್ತಿದ್ದೇವೆ. ಒಂದು ದಿನ ಬಟ್ಟೆಯಲ್ಲಿ ಅಕ್ಕಿ ನುಚ್ಚಿನ ಥರ ಎರಡು ಚೂರು ಬಂತು. ಈಗ ಹೊಸ ಡಾಕ್ಟರು ನೋಡಿ, ಪಕ್ಕೆಲುಬು ಕೊಳೆತಿದೆ, ತೆಗೆಯಬೇಕು, ಬೆನ್ನಿನ ಮಾಂಸ ತಂದು ಮುಚ್ಚಬೇಕು ಅಂದರು. ಇಷ್ಟು ಸಣ್ಣ ತೂತಿಗೆ ಇಷ್ಟು ದೊಡ್ಡ ಆಪರೇಷನ್ ಬೇಕಾ? ತೊಡೆಯ ಚರ್ಮ ತೆಗೆದು ಹಾಕಿದರೆ ಸಾಕಾಗುವುದಿಲ್ವಾ? ಎಲ್ಲಕ್ಕಿಂತ ಮೊದಲು, ಕ್ಯಾನ್ಸರ್ ವಾಪಸ್ ಬಂತಾ?
– ಒಬ್ಬ ಮಗಳು, ಮೂಡಿಗೆರೆ ತಾಲ್ಲೂಕು

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ನಿಮ್ಮ ನಿದ್ದೆ ಕೆಡಿಸಿರುವುದು ಅದೇ ತಾನೆ. ಗಾಯ ಆಯಿತು ಅಂದ ಮಾತ್ರಕ್ಕೆ ಕ್ಯಾನ್ಸರ್ ವಾಪಸ್ ಬಂತು ಅಂತಲ್ಲ. ಆದರೆ ಬಂದಿಲ್ಲ ಅಂತ ಬರೀ ಕಣ್ಣಲ್ಲಿ ನೋಡಿ ಹೇಳುವುದಕ್ಕೂ ಆಗುವುದಿಲ್ಲ. ಎಷ್ಟೇ ಅನುಭವ ಇದ್ದರೂ ಆಗುವುದಿಲ್ಲ. ಇಂಥ ಗಾಯ ಬರೀ ಕರೆಂಟಿನಿಂದ ಆದ ಹಾನಿ ಇರಬಹುದು. ಹಳೇ ಕ್ಯಾನ್ಸರೇ ಅದೇ ಜಾಗದಲ್ಲಿ ತಲೆ ಎತ್ತಿರಬಹುದು. ಮೂರನೆಯದು ಅಪರೂಪ, ಆದರೆ ಮರೆಯಬಾರದು: ಕರೆಂಟ್ ಕೊಟ್ಟ ಎಷ್ಟೋ ವರ್ಷದ ಮೇಲೆ ಆ ಕಿರಣದ ಕಾರಣದಿಂದಲೇ ಹುಟ್ಟುವ ಬೇರೆ ಥರದ ಗಡ್ಡೆ, ಸಾರ್ಕೋಮಾ ಅಂತಾರೆ. ಅದರಲ್ಲಿ ಒಂದು ಜಾತಿ ಪೆಟ್ಟು ಬಿದ್ದು ನೀಲಿಗಟ್ಟಿದ ಹಾಗೆ ಚರ್ಮದ ಮೇಲೆ ಕಾಣಿಸುತ್ತದೆ, ಜನ ಎಲ್ಲೋ ತಾಗಿಸಿಕೊಂಡೆ ಅಂತ ಸುಮ್ನಿರುತ್ತಾರೆ.

ಈ ಮೂರರಲ್ಲಿ ಯಾವುದು ಅಂತ ಹೇಳುವುದು ಬಯಾಪ್ಸಿ ಮಾತ್ರ, ಅಂದರೆ ಗಾಯದ ಚೂರು ತೆಗೆದು ಲ್ಯಾಬಿನಲ್ಲಿ ನೋಡುವುದು. ಅದೂ ಒಂದೇ ಚೂರು ತೆಗೆದರೆ ಸಾಲದು. ಗಾಯದ ಅಂಚಿನಲ್ಲಿ ನಾಲ್ಕೈದು ಕಡೆಯಿಂದ ತೆಗೆಯಬೇಕು. ನಿಮ್ಮ ಪತ್ರ ಎರಡು ಸಲ ಓದಿದೆ. ಏಳು ತಿಂಗಳ ಡ್ರೆಸ್ಸಿಂಗ್ ಇದೆ, ಬಯಾಪ್ಸಿ ಅನ್ನುವ ಮಾತು ಎಲ್ಲೂ ಇಲ್ಲ. ಅದು ನನಗೆ ಸರಿ ಕಾಣಲಿಲ್ಲ. ತಪ್ಪು ನಿಮ್ಮದಲ್ಲ. ಕರೆಂಟ್ ಕೊಟ್ಟ ಜಾಗದಲ್ಲಿ ಗಾಯ ಆಗಿ ನಾಲ್ಕಾರು ವಾರದಲ್ಲಿ ಮಾಯುವ ಲಕ್ಷಣ ಕಾಣದಿದ್ದರೆ, ನೋಡುತ್ತಿರುವ ಡಾಕ್ಟರನ್ನು ನೇರವಾಗಿ ಕೇಳಿ, ಬಯಾಪ್ಸಿ ಯಾವಾಗ ಅಂತ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಡಾಕ್ಟರು ನಿಮಗೆ ಬೇಡ.

ಈಗ, ಯಾಕೆ ಮಾಯುವುದಿಲ್ಲ ಅನ್ನುವುದು. ಕಡೂರು, ಅರಸೀಕೆರೆ ಕಡೆ ತೋಟ ಇರುವವರಿಗೆ ಇದನ್ನು ಹೇಳುವುದು ಸುಲಭ. ಹೊಸ ಡ್ರಿಪ್ ಪೈಪು ಹಾಕಿದ ವರ್ಷ ಪ್ರತಿ ತೂತಿನಿಂದಲೂ ನೀರು ಚೆನ್ನಾಗಿ ತೊಟ್ಟಿಕ್ಕುತ್ತದೆ. ಬೋರಿನ ಗಡಸು ನೀರು ಹರಿದು ಹರಿದು ಐದಾರು ವರ್ಷಕ್ಕೆ ಒಳಗೆ ಸುಣ್ಣ ಕಟ್ಟುತ್ತದೆ. ಮೇಲಿನಿಂದ ನೋಡಿದರೆ ಪೈಪು ನೆಟ್ಟಗೇ ಇರುತ್ತದೆ, ಬುಡಕ್ಕೆ ನೀರು ಮಾತ್ರ ಹೋಗುತ್ತಿರುವುದಿಲ್ಲ. ಕರೆಂಟ್ ಕೊಟ್ಟ ಜಾಗದ ಕೂದಲೆಳೆಯಂಥ ರಕ್ತನಾಳಗಳ ಕಥೆಯೂ ಇಷ್ಟೇ. ಅವುಗಳ ಒಳಗೋಡೆ ವರ್ಷ ಕಳೆದ ಹಾಗೆ ದಪ್ಪ ಆಗುತ್ತಾ ಹೋಗುತ್ತದೆ, ದಾರಿ ಕಿರಿದಾಗುತ್ತದೆ, ಕೆಲವು ಮುಚ್ಚಿಯೇ ಹೋಗುತ್ತವೆ. ಚರ್ಮ ಹಲಗೆಯ ಹಾಗೆ ಗಟ್ಟಿಯಾಗಿ ಕೆಳಗಿನ ಮೂಳೆಗೆ ಅಂಟಿಕೊಳ್ಳುತ್ತದೆ. ಅಮ್ಮನ ಎದೆ ಮುಟ್ಟಿ ನೋಡಿ, ಆ ಜಾಗದಲ್ಲಿ ಚರ್ಮವನ್ನು ಬೆರಳಲ್ಲಿ ಎತ್ತುವುದಕ್ಕೇ ಬರುವುದಿಲ್ಲ. ಮೇಲೆ ಜೇಡನ ಕಾಲಿನ ಥರ ಸಣ್ಣ ಕೆಂಪು ಗೆರೆ ಇರುತ್ತವೆ. ಇಂಥ ಚರ್ಮದ ಮೇಲೆ ಬ್ಲೌಸಿನ ಹೊಲಿಗೆ ಉಜ್ಜಿದರೂ ಸಾಕು, ಬಿರುಕು ಬಿಡುತ್ತದೆ. ರಕ್ತ ಬಂದರೆ ತಾನೆ ಮಾಯುವುದು? ಮುಲಾಮು ಎಷ್ಟು ದುಬಾರಿಯದಾದರೂ ಅದು ರಕ್ತ ತರುವುದಿಲ್ಲ.

ಆ ನುಚ್ಚಿನಂಥ ಚೂರು ಅಂದಿರಲ್ಲ, ಅದು ಪಕ್ಕೆಲುಬಿನದೇ. ಮೂಳೆಗೂ ರಕ್ತ ಸಾಲದೆ ಅದು ಅಲ್ಲಲ್ಲೇ ಸತ್ತು ಚೂರಾಗಿ ಉದುರುತ್ತದೆ. ಹೊಸ ಡಾಕ್ಟರು ಒಂದು ತೆಳ್ಳನೆ ಕಡ್ಡಿ ಒಳಗೆ ಬಿಟ್ಟು ನೋಡಿರುತ್ತಾರೆ. ತುದಿ ಮೆತ್ತಗೆ ನಿಲ್ಲದೆ ‘ಟಕ್’ ಅಂತ ತಾಗಿದರೆ ಅದು ಬರಿ ಮೂಳೆ. ಹೊರಗೆ ಎಂಟಾಣೆಯಷ್ಟು ಕಾಣುವುದು ಬಾಯಿ ಮಾತ್ರ. ಹೆಗ್ಗಣದ ಬಿಲದ ಹಾಗೆ, ಒಳಗೆ ಎಷ್ಟು ದೂರ ಹೋಗಿದೆ ಅನ್ನುವುದು ಸಿ.ಟಿ. ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ಅದಕ್ಕೇ ಆಪರೇಷನ್ ದೊಡ್ಡದು.

ತೊಡೆಯ ಚರ್ಮ ಯಾಕೆ ಆಗುವುದಿಲ್ಲ ಅಂತ ಕೇಳಿದಿರಿ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ ಒಬ್ಬರು ಅಜ್ಜಿ ಬಂದಿದ್ದರು. ಗಾಯ ಕೆರೆದು, ಶುಭ್ರ ಮಾಡಿ, ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಅಂದವಾಗಿ ಹಾಸಿದೆ. ಐದನೇ ದಿನ ಕಟ್ಟು ಬಿಚ್ಚಿದರೆ ಚರ್ಮ ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಬಟ್ಟೆಯ ಜೊತೆಗೇ ಎದ್ದು ಬಂತು. ಅಜ್ಜಿ ನನ್ನ ಮುಖ ನೋಡಿ, ‘ಹೋಗ್ಲಿ ಬಿಡಪ್ಪಾ, ಇನ್ನೊಂದ್ಸಲ ಹಾಕು’ ಅಂದರು. ಇನ್ನೊಂದು ಸಲ ಹಾಕಿದ್ದರೂ ಅದೇ ಆಗುತ್ತಿತ್ತು. ಕಸಿ ಮಾಡಿದ ಚರ್ಮಕ್ಕೆ ಸ್ವಂತ ರಕ್ತ ಇರುವುದಿಲ್ಲ, ಕೆಳಗಿನ ನೆಲದಿಂದ ಹೀರಿಕೊಂಡೇ ಬದುಕಬೇಕು. ಆ ನೆಲವೇ ಒಣಗಿ ಕೂತಿದೆ.

ಮಲ್ಲಿಗೆ ಬಳ್ಳಿ ನೆನೆಸಿಕೊಳ್ಳಿ. ಕಡ್ಡಿ ಮುರಿದು ಒಣ ಮಣ್ಣಿಗೆ ನೆಟ್ಟರೆ ಬಾಡುತ್ತದೆ. ತಾಯಿ ಬಳ್ಳಿಗೆ ಅಂಟಿಕೊಂಡಿರುವಾಗಲೇ ಒಂದು ಎಳೆಯನ್ನು ಬಗ್ಗಿಸಿ ಪಕ್ಕದ ಕುಂಡದಲ್ಲಿ ಹೂತರೆ ಅದು ಬಾಡುವುದಿಲ್ಲ, ನೀರು ಹಳೇ ಬುಡದಿಂದ ಬರುತ್ತಲೇ ಇರುತ್ತದಲ್ಲ. ಬೆನ್ನಿನ ಮಾಂಸ ತಂದು ಮುಚ್ಚುವುದು ಅಂದರೆ ಇದೇ, ಫ್ಲ್ಯಾಪ್ ಅಂತಾರೆ. ಬೆನ್ನಿನ ಮೇಲೆ ಸೊಂಟದ ಕಡೆಯಿಂದ ತೋಳಿನ ತನಕ ಬೀಸಣಿಗೆಯ ಹಾಗೆ ಹರಡಿಕೊಂಡಿರುವ ಒಂದು ಅಗಲ ಮಾಂಸಖಂಡ ಇದೆ. ಲ್ಯಾಟಿಸಿಮಸ್ ಡಾರ್ಸೈ ಅಂತ ಅದರ ಹೆಸರು. ಅದಕ್ಕೆ ರಕ್ತ ಬರುವುದು ಕಂಕುಳಿನ ಒಳಗಿಂದ ಇಳಿಯುವ ಒಂದು ನಾಳದಿಂದ. ಆ ನಾಳ ಕಡಿಯದೆ, ಮಾಂಸವನ್ನು ಮೇಲಿನ ಚರ್ಮದ ಸಮೇತ ಬೆನ್ನಿನಿಂದ ಬಿಡಿಸಿ, ಕಂಕುಳಿನ ಕೆಳಗಿಂದ ಎದೆಗೆ ತಿರುಗಿಸಿ ತರುತ್ತಾರೆ. ಕರೆಂಟ್ ಬೀಳದ ಜಾಗದ ಮಾಂಸ ಅದು, ರಕ್ತ ಸಮೃದ್ಧವಾಗಿರುತ್ತದೆ. ಗಾಯಕ್ಕೆ ಬೇಕಾಗಿರುವುದೂ ಅದೇ.

ಇದು ಹೊಸದೇನಲ್ಲ. ಇಟಲಿಯ ತಾನ್ಸಿನಿ ಅನ್ನುವ ಸರ್ಜನ್ 1906ರಲ್ಲೇ ಇದನ್ನು ಬರೆದಿದ್ದರು. ಆಮೇಲೆ ಎಲ್ಲರೂ ಮರೆತರು. 1976ರಲ್ಲಿ ಜರ್ಮನಿಯ ಒಲಿವಾರಿ ಅನ್ನುವವರು ಕರೆಂಟಿನಿಂದ ಆದ ಎದೆಯ ಗಾಯಗಳಿಗೇ ಅದನ್ನು ಬಳಸಿ ತೋರಿಸಿದ ಮೇಲೆ ಮತ್ತೆ ಚಾಲ್ತಿಗೆ ಬಂತು. 70 ವರ್ಷ ಒಂದು ಒಳ್ಳೇ ಉಪಾಯ ಪುಸ್ತಕದಲ್ಲಿ ನಿದ್ದೆ ಮಾಡಿತ್ತು ನೋಡಿ.

ಆಪರೇಷನ್ ದಿನ ಏನಾಗುತ್ತದೆ ಅಂದರೆ, ಮೊದಲು ಕೆಟ್ಟಿದ್ದನ್ನೆಲ್ಲ ತೆಗೆಯುತ್ತಾರೆ. ತೂತಿನ ಸುತ್ತ ಮಾತ್ರ ಅಲ್ಲ, ಕಪ್ಪಗೆ ಗಟ್ಟಿಯಾದ ಚರ್ಮ ಎಲ್ಲಿ ತನಕ ಇದೆಯೋ ಅಲ್ಲಿ ತನಕ, ಕತ್ತರಿಸಿದ ಅಂಚಿನಿಂದ ತಾಜಾ ಕೆಂಪು ರಕ್ತ ಜಿನುಗುವ ತನಕ. ಇಲ್ಲಿ ಕರುಣೆ ತೋರಿಸಿದ ಸರ್ಜನ್ ಆರು ತಿಂಗಳಿಗೆ ಅದೇ ಗಾಯ ಮತ್ತೆ ನೋಡುತ್ತಾನೆ. ಆಮೇಲೆ ಸತ್ತ ಪಕ್ಕೆಲುಬಿನ ಭಾಗ ತೆಗೆಯುತ್ತಾರೆ. ಸಾಮಾನ್ಯವಾಗಿ ನಾಲ್ಕು ಅಥವಾ ಜಾಸ್ತಿ ಪಕ್ಕೆಲುಬು ಹೋದರೆ, ಇಲ್ಲಾ ಅಡ್ಡಗಲ 5 ಸೆಂಟಿಮೀಟರಿಗಿಂತ ದೊಡ್ಡ ಖಾಲಿ ಜಾಗ ಆದರೆ ತೊಂದರೆ. ಉಸಿರು ಎಳೆದಾಗ ಉಬ್ಬಬೇಕಾದ ಎದೆ ಅಲ್ಲಿ ಒಳಕ್ಕೆ ಕುಸಿಯುತ್ತದೆ. ಆಗ ಮೆಶ್ ಅನ್ನುವ ಬಲೆ, ಮೂಳೆ ಸಿಮೆಂಟು, ಟೈಟಾನಿಯಂ ಪಟ್ಟಿ, ಹೀಗೆ ಏನಾದರೂ ಆಸರೆ ಕೊಡುತ್ತಾರೆ. ಆದರೆ ಕರೆಂಟ್ ಕೊಟ್ಟ ಎದೆಯಲ್ಲಿ ಎರಡು ವಿಶೇಷ. ಒಂದು, ಎಲ್ಲ ಹಲಗೆಯ ಹಾಗೆ ಗಟ್ಟಿಯಾಗಿರುವುದರಿಂದ ಅಷ್ಟು ಸುಲಭಕ್ಕೆ ಕುಸಿಯುವುದಿಲ್ಲ, ಎಷ್ಟೋ ಸಲ ಬರೀ ಮಾಂಸವೇ ಸಾಕಾಗುತ್ತದೆ. ಇನ್ನೊಂದು, ಕೀವು ಇರುವ ಜಾಗದಲ್ಲಿ ಪ್ಲಾಸ್ಟಿಕ್ ಬಲೆ ಇಟ್ಟರೆ ಅದಕ್ಕೂ ಸೋಂಕು ಹತ್ತಿ, ಅದನ್ನು ತೆಗೆಯುವುದಕ್ಕೆ ಇನ್ನೊಂದು ಆಪರೇಷನ್ ಆಗುತ್ತದೆ. ಹಾಗಾಗಿ ಕೀವು ಜಾಸ್ತಿ ಇದ್ದರೆ ಮೊದಲು ಸತ್ತಿದ್ದನ್ನು ತೆಗೆದು, ಸ್ವಚ್ಛ ಆದಮೇಲೆ ಕೆಲವು ದಿನ ಬಿಟ್ಟು ಮುಚ್ಚುವುದೂ ಉಂಟು.

ನೀವು ಆ ಡಾಕ್ಟರನ್ನು ಒಂದು ಮಾತು ತಪ್ಪದೆ ಕೇಳಬೇಕು. 11 ವರ್ಷದ ಹಿಂದೆ ಎದೆ ತೆಗೆದಾಗ ಕಂಕುಳಿನ ಗಂಟುಗಳನ್ನೂ ತೆಗೆದಿರುತ್ತಾರೆ. ಬೆನ್ನಿನ ಮಾಂಸದ ರಕ್ತನಾಳ ಅಲ್ಲೇ ಹಾದು ಹೋಗುವುದು. ಆಗ ಅದು ಕಟ್ ಆಗಿದ್ದರೆ, ಇಲ್ಲಾ ಕರೆಂಟಿಗೆ ಸಿಕ್ಕಿದ್ದರೆ? ಸೊಂಟಕ್ಕೆ ಕೈ ಇಟ್ಟು ಒತ್ತಿಸಿ ಆ ಮಾಂಸ ಬಿಗಿಯಾಗುತ್ತದಾ ಅಂತ ನೋಡುತ್ತಾರೆ, ಅನುಮಾನ ಇದ್ದರೆ ರಕ್ತನಾಳದ ಸ್ಕ್ಯಾನ್ ಮಾಡಿಸುತ್ತಾರೆ. ಅದು ಸರಿ ಇಲ್ಲದಿದ್ದರೆ ಹೊಟ್ಟೆಯ ಉದ್ದ ಮಾಂಸ ಇದೆ. ಅದೂ ಆಗದಿದ್ದರೆ ಕರುಳಿನ ಮುಂದೆ ತೂಗುವ ಕೊಬ್ಬಿನ ಪೊರೆ ಇದೆ. ಕುರಿ ಕೊಯ್ಯುವಾಗ ನೋಡಿರುತ್ತೀರಿ, ಬಿಳೀ ಬಲೆಯಂಥದ್ದು. ಅದಕ್ಕೆ ರಕ್ತ ಎಷ್ಟು ಚೆನ್ನಾಗಿದೆ ಅಂದರೆ ಅದನ್ನು ಎದೆಗೆ ತಂದು ಹಾಸಿ, ಮೇಲೆ ನಿಮ್ಮ ಆ ತೊಡೆಯ ಚರ್ಮ ಹಾಕಿದರೆ ಆಗ ಹಿಡಿಯುತ್ತದೆ. ನೆಲ ಒದ್ದೆ ಇದೆಯಲ್ಲ.

ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ತಂದ ಮಾಂಸದ ಅಂಚು ಕಪ್ಪಾಗಬಹುದು, ಸೋಂಕಾಗಬಹುದು, ಆಮೇಲೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಶುಗರ್ ಇದ್ದರೆ ಮೊದಲು ಹಿಡಿತಕ್ಕೆ ತನ್ನಿ. ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಗಾಯದಿಂದ ದಿನಾ ರಸಿಗೆ ಹರಿಯುವವರ ಮೈಯಲ್ಲಿ ಪ್ರೋಟೀನ್ ಸೋರಿ ಹೋಗಿರುತ್ತದೆ, ಮೊಟ್ಟೆ, ಬೇಳೆ, ಹಾಲು, ಮೀನು ಧಾರಾಳವಾಗಿ ಕೊಡಿ. ಗಾಯಕ್ಕೆ ಮೊಟ್ಟೆ ನಂಜು ಅಂತ ಯಾರೋ ಹೇಳಿರುತ್ತಾರೆ. ನಂಜಲ್ಲ.

ಪ್ರಶ್ನೆ: ನಾನು ಸಕಲೇಶಪುರ ಕಡೆ ಎಸ್ಟೇಟಿನಲ್ಲಿ ಕೆಲಸ ಮಾಡುತ್ತೇನೆ, ಲೈನ್ ಮನೆಯಲ್ಲೇ ಇದ್ದೇವೆ. 48 ವರ್ಷ. ನನಗೂ ಇದೇ ಬಲಗಡೆ. ಬೆನ್ನಿನ ಮಾಂಸ ತೆಗೆದರೆ ಕೈ ಬಿದ್ದು ಹೋಗುತ್ತದೆ, ಕಾಫಿ ಕುಯ್ಯೋಕಾಗಲ್ಲ ಅಂತ ಹೇಳ್ತಾರೆ ಸಾರ್. ನಿಜವಾ? ಕುಯ್ಲು ಮುಗಿಸಿಕೊಂಡು ಮಾಡಿಸಿದರೆ ಆಗುತ್ತಾ?

ಉತ್ತರ: ಅಕ್ಕಾ, ಕೈ ಬಿದ್ದು ಹೋಗುವುದಿಲ್ಲ. ಆದರೆ ಏನೂ ಆಗುವುದೇ ಇಲ್ಲ ಅಂತ ಹೇಳಿದರೆ ಅದೂ ಸುಳ್ಳು. ಆ ಮಾಂಸದ ಕೆಲಸ ಎತ್ತಿದ ಕೈಯನ್ನು ಜೋರಾಗಿ ಕೆಳಕ್ಕೆ, ಹಿಂದಕ್ಕೆ ಎಳೆಯುವುದು. ಕಾಫಿ ಗಿಡದ ಎತ್ತರದ ರೆಂಬೆಯನ್ನು ಒಂದು ಕೈಯಲ್ಲಿ ಬಗ್ಗಿಸಿ ಹಿಡಿದು ಇನ್ನೊಂದು ಕೈಯಲ್ಲಿ ಹಣ್ಣು ಬಿಡಿಸುತ್ತೀರಲ್ಲ, ಆ ಬಗ್ಗಿಸುವ ಎಳೆತ. ಪಕ್ಕದ ಬೇರೆ ಮಾಂಸಖಂಡಗಳು ಆ ಕೆಲಸವನ್ನು ನಿಧಾನವಾಗಿ ಕಲಿತುಕೊಳ್ಳುತ್ತವೆ. ಸೀರೆ ಉಡುವುದು, ತಲೆ ಬಾಚುವುದು, ಮುದ್ದೆ ತಿರುವುವುದು, ಕೈಗೆಟುಕುವ ಗಿಡದಲ್ಲಿ ಹಣ್ಣು ಕುಯ್ಯುವುದು, ಇವಕ್ಕೆಲ್ಲ ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ. ಏಣಿ ಹಾಕಿ ಸಿಲ್ವರ್ ಮರ ಹತ್ತಿ ಮೆಣಸು ಬಿಡಿಸುವುದು, ತುಂಬಿದ ಚೀಲ ಎಳೆದಾಡುವುದು ಕಷ್ಟ ಆಗಬಹುದು. ಅಂಥ ಕೆಲಸಕ್ಕೆ ಮೂರು ತಿಂಗಳಂತೂ ಕೈ ಹಾಕಬೇಡಿ. ಬಲಗೈ ಬೇರೆ. ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಂಡು ಎಸ್ಟೇಟಿನ ರೈಟರಿಗೆ ಕೊಟ್ಟು, ಸ್ವಲ್ಪ ದಿನ ಕಣದಲ್ಲಿ ಹಗುರ ಕೆಲಸ ಕೇಳಿ.

ನಿಜವಾಗಿ ಕೈ ಹಿಡಿದುಕೊಳ್ಳುವುದು ಆಪರೇಷನ್‌ನಿಂದಲ್ಲ, ಆಮೇಲೆ ಹೆದರಿ ಕೈ ಅಲ್ಲಾಡಿಸದೆ ಕೂರುವುದರಿಂದ. ಫಿಸಿಯೋದವರು ಯಾವಾಗ ಶುರು ಮಾಡಿ ಅಂತಾರೋ ಅವತ್ತಿನಿಂದ ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ಇರುವೆ ಹರಿದ ಹಾಗೆ ಮೇಲಕ್ಕೆ ಹತ್ತಿಸಿ. ನಿನ್ನೆ ಎಲ್ಲಿ ತನಕ ಹೋಗಿತ್ತೋ ಅಲ್ಲಿ ಇದ್ದಿಲಲ್ಲಿ ಒಂದು ಗೀಟು ಹಾಕಿಡಿ.

ಕುಯ್ಲು ಮುಗಿಸಿಕೊಂಡು ಬರ್ತೀನಿ ಅನ್ನುವ ಮಾತು ನವೆಂಬರ್ ಬಂದರೆ ನಮ್ಮ ಆಸ್ಪತ್ರೆಯಲ್ಲಿ ದಿನಾ ಕೇಳುತ್ತೇವೆ. ಕೂಲಿಯ ಲೆಕ್ಕ ನನಗೂ ಗೊತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂದಿದ್ದು, ಜ್ವರ ಇಲ್ಲದೆ, ಕೀವು ಹೆಚ್ಚಿಲ್ಲದೆ ಇದ್ದರೆ ಕೆಲವು ವಾರ ತಡೆಯಬಹುದು, ಡಾಕ್ಟರಿಗೆ ಹೇಳಿಯೇ ತಡೆಯಿರಿ. ಬಯಾಪ್ಸಿಯನ್ನು ಮಾತ್ರ ಮುಂದೆ ಹಾಕಬೇಡಿ. ಇನ್ನೊಂದು, ಗಾಯದಿಂದ ಇದ್ದಕ್ಕಿದ್ದ ಹಾಗೆ ಕೆಂಪು ರಕ್ತ ಬಂದರೆ, ಸ್ವಲ್ಪವೇ ಬಂದು ನಿಂತರೂ ಸರಿ, ಕುಯ್ಲು ಬಿಟ್ಟು ಅವತ್ತೇ ಹೊರಡಿ. ಎದೆಯ ಮೇಲ್ಭಾಗದಲ್ಲಿ ಕೈಗೆ ಹೋಗುವ ದೊಡ್ಡ ರಕ್ತನಾಳ ಇದೆ, ಗಾಯ ಅದರ ಹತ್ತಿರ ಹೋಗಿದ್ದರೆ ಆಟ ಆಡುವ ವಿಷಯ ಅಲ್ಲ. ಶುಭ್ರ ಬಟ್ಟೆ ಮಡಚಿ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡೇ 108ಕ್ಕೆ ಫೋನ್ ಮಾಡಿಸಿ.

ಪ್ರಶ್ನೆ: ಹೆಂಡತಿಗೆ ಮುಂದಿನ ವಾರ ಕರೆಂಟ್ ಶುರು. ನಿಮ್ಮ ಅಂಕಣ ಓದಿದ ಮೇಲೆ ಬೇಡ ಅಂತ ಕೂತಿದ್ದಾಳೆ. ಏನು ಮಾಡಲಿ?
– ಅರಸೀಕೆರೆ

ಉತ್ತರ: ಛೆ. ಹಾಗೆ ಆಗಬಾರದಿತ್ತು. ಅವರಿಗೆ ಈ ಉತ್ತರ ಓದಿ ಹೇಳಿ. ತಂಗೀ, ಕರೆಂಟ್ ತಪ್ಪಿಸಬೇಡಿ. ಕ್ಯಾನ್ಸರ್ ಅದೇ ಜಾಗಕ್ಕೆ ವಾಪಸ್ ಬರದ ಹಾಗೆ ತಡೆಯುವುದಕ್ಕೆ ಅದು ಕೊಡುವುದು, ಈ ದೊಡ್ಡ ಗಾಯಗಳು ಬರುವುದು ಅಪರೂಪ. ಈಗಿನ ಮಷೀನುಗಳು ಮೊದಲಿನ ಹಾಗಲ್ಲ. ಸಿ.ಟಿ. ಸ್ಕ್ಯಾನ್ ಮಾಡಿ, ಎಲ್ಲಿಗೆ ಎಷ್ಟು ಬೀಳಬೇಕು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಯೇ ಕೊಡುತ್ತಾರೆ. ಮೊದಲು 25 ದಿನದಲ್ಲಿ 50 ಗ್ರೇ ಕೊಡುತ್ತಿದ್ದರು (ಗ್ರೇ ಅಂದರೆ ಕಿರಣದ ಅಳತೆ, ಹಾಲಿಗೆ ಲೀಟರ್ ಇದ್ದ ಹಾಗೆ). ಈಗ ಎಷ್ಟೋ ಕಡೆ 15 ದಿನದಲ್ಲಿ 40 ಗ್ರೇ ಕೊಟ್ಟು ಮುಗಿಸುತ್ತಾರೆ.

ಒಂದು ವ್ಯತ್ಯಾಸ ತಿಳಿದುಕೊಂಡಿರಿ, ಇಲ್ಲದಿದ್ದರೆ ಎರಡನೇ ವಾರವೇ ಗಾಬರಿ ಆಗುತ್ತೀರಿ. ಕರೆಂಟ್ ನಡೆಯುವಾಗ ಮತ್ತು ಮುಗಿದ ಕೆಲವು ವಾರದಲ್ಲಿ ಚರ್ಮ ಕೆಂಪಾಗುತ್ತದೆ, ಕಪ್ಪಾಗುತ್ತದೆ, ಕಂಕುಳಿನ ಹತ್ತಿರ ಸಿಪ್ಪೆ ಎದ್ದು ಒದ್ದೆ ಆಗುತ್ತದೆ. ಅದು ತಾನಾಗಿ ಮಾಯುತ್ತದೆ. ನಾವು ಮೇಲೆ ಮಾತಾಡಿದ್ದು ವರ್ಷಗಳ ಮೇಲೆ ಬರುವ ಗಾಯ, ಅದೇ ಬೇರೆ. ಉಗುರು ಬೆಚ್ಚಗಿನ ನೀರು ಸುರಿದುಕೊಳ್ಳಿ, ಉಜ್ಜಬೇಡಿ. ಕರೆಂಟ್ ಕೊಡುವವರು ಮೈಮೇಲೆ ಗೀಟು ಹಾಕಿದ್ದರೆ ಅಳಿಸಬೇಡಿ. ಪೌಡರ್, ಅಮೃತಾಂಜನ, ಬಿಸಿ ಶಾಖ ಆ ಜಾಗಕ್ಕೆ ಯಾವತ್ತೂ ಬೇಡ, ಮುಗಿದ ಮೇಲೂ ಬೇಡ. ಅಲ್ಲಿ ಚರ್ಮಕ್ಕೆ ಸ್ಪರ್ಶ ಕಮ್ಮಿ, ಸುಟ್ಟಿದ್ದು ಗೊತ್ತೇ ಆಗುವುದಿಲ್ಲ. ಬಿಸಿ ನೀರಿನ ಬ್ಯಾಗ್ ಇಟ್ಟುಕೊಂಡು ಗಾಯ ಮಾಡಿಕೊಂಡವರನ್ನು ನೋಡಿದ್ದೇನೆ.

ಪ್ರಶ್ನೆ: ಕರೆಂಟ್ ಮುಗಿದು ಎರಡು ವರ್ಷ. ಕೆಮ್ಮಿದಾಗ ಪಕ್ಕೆಯಲ್ಲಿ ಚಳುಕು ಬಂತು, ಎಕ್ಸ್‌ರೇಯಲ್ಲಿ ಪಕ್ಕೆಲುಬು ಬಿರುಕು ಬಿಟ್ಟಿದೆ ಅಂದರು. ಗಾಯ ಏನಿಲ್ಲ. ಆಪರೇಷನ್ ಬೇಕಾ?
– ಹೊಳೆನರಸೀಪುರ

ಉತ್ತರ: ಮೇಲೆ ಚರ್ಮ ಸರಿ ಇದ್ದರೆ ಸಾಮಾನ್ಯವಾಗಿ ಬೇಡ. ಕರೆಂಟ್ ಬಿದ್ದ ಪಕ್ಕೆಲುಬು ಸ್ವಲ್ಪ ಪೆಡಸಾಗಿರುತ್ತದೆ, ಜೋರು ಕೆಮ್ಮಿಗೂ ಬಿರುಕು ಬಿಡುತ್ತದೆ. ನೋವಿನ ಮಾತ್ರೆ, ಸ್ವಲ್ಪ ವಿಶ್ರಾಂತಿ, ಕೂಡಿಕೊಳ್ಳುತ್ತದೆ. ಆದರೆ ಆ ಬಿರುಕು ಕ್ಯಾನ್ಸರ್ ಮೂಳೆಗೆ ಹೋಗಿದ್ದರಿಂದ ಆಗಿದ್ದಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಕ್ಯಾನ್ಸರ್ ಡಾಕ್ಟರಿಗೆ ಎಕ್ಸ್‌ರೇ ತೋರಿಸಿ, ಸಿ.ಟಿ. ಅಥವಾ ಮೂಳೆ ಸ್ಕ್ಯಾನ್ ಬೇಕಾ ಅಂತ ಅವರು ಹೇಳುತ್ತಾರೆ.

ಪ್ರಶ್ನೆ: ಆಪರೇಷನ್ ಇಲ್ಲದೆ ಮಾತ್ರೆಯಲ್ಲಿ ಆಗುವುದಿಲ್ವಾ? ಆಕ್ಸಿಜನ್ ರೂಮಿನಲ್ಲಿ ಕೂರಿಸಿದರೆ ವಾಸಿ ಆಗುತ್ತದೆ ಅಂತ ನಮ್ಮ ಭಾವ ಮೊಬೈಲಿನಲ್ಲಿ ನೋಡಿದರಂತೆ.
– ಚಿಕ್ಕಮಗಳೂರು

ಉತ್ತರ: ನಿಮ್ಮ ಭಾವ ನೋಡಿದ್ದು ಪೂರ್ತಿ ಸುಳ್ಳಲ್ಲ. ಗಾಳಿಯ ಒತ್ತಡ ಮಾಮೂಲಿಗಿಂತ 2ರಿಂದ 2.5 ಪಟ್ಟು ಏರಿಸಿದ ಕೋಣೆಯಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿಸುತ್ತಾರೆ. ಒಂದು ಸಲಕ್ಕೆ ಸುಮಾರು ಒಂದೂವರೆ ಗಂಟೆ, ಹೀಗೆ 30–40 ಸಲ. ಹೊಸ ಸಣ್ಣ ರಕ್ತನಾಳ ಚಿಗುರುವುದಕ್ಕೆ ಅದು ಸಹಾಯ ಮಾಡಬಹುದು. ಇನ್ನೂ ಮೂಳೆ ಸಾಯದ ಸಣ್ಣ ಗಾಯಕ್ಕೆ, ಇಲ್ಲಾ ಆಪರೇಷನ್ನಿನ ಜೊತೆಗೆ ಒತ್ತಾಸೆಯಾಗಿ ಕೊಡುವುದುಂಟು. ಪೆಂಟಾಕ್ಸಿಫಿಲಿನ್ ಅನ್ನುವ ಮಾತ್ರೆಯನ್ನು ವಿಟಮಿನ್ ಇ ಜೊತೆ ತಿಂಗಳುಗಟ್ಟಲೆ ಕೊಟ್ಟರೆ ಗಟ್ಟಿ ಚರ್ಮ ಕೆಲವರಿಗೆ ಸ್ವಲ್ಪ ಮೆತ್ತಗಾಗುತ್ತದೆ. ಗಾಯ ಆಗದೆ ಬರೀ ತೆಳ್ಳಗಾಗಿ ಬಿಗಿದಿರುವ ಚರ್ಮದ ಕೆಳಗೆ ಹೊಟ್ಟೆಯ ಕೊಬ್ಬನ್ನು ಸೂಜಿಯಲ್ಲಿ ತುಂಬುವುದೂ ಇದೆ. ಇವೆಲ್ಲ ಬದುಕಿರುವ ಮಾಂಸಕ್ಕೆ. ಸತ್ತ ಮೂಳೆ ಯಾವ ಆಕ್ಸಿಜನ್ನಿಗೂ ಎದ್ದು ಕೂರುವುದಿಲ್ಲ. ಅದಿದ್ದರೆ ತೆಗೆಯಬೇಕು, ಅಷ್ಟೇ.

ನಾಟಿ ಸೊಪ್ಪು ಅರೆದು ಕಟ್ಟಬಹುದಾ ಅಂತ ಕೇಳಿದ ಮೂರು ಜನಕ್ಕೂ ಇಲ್ಲೇ ಉತ್ತರ: ಬೇಡ.

ಪ್ರಶ್ನೆ: ಖರ್ಚು ಎಷ್ಟಾಗುತ್ತದೆ? ಕಾರ್ಡಿನಲ್ಲಿ ಆಗುತ್ತದಾ? ಎಲ್ಲಿಗೆ ಹೋಗಬೇಕು?
– ಬೇಲೂರು, ಕೊಪ್ಪ, ಇನ್ನೂ ಕೆಲವರು

ಉತ್ತರ: ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಿಂದಲೇ ಶುರು ಮಾಡಿ, ಹಾಸನದವರಿಗೆ ಹಿಮ್ಸ್, ಚಿಕ್ಕಮಗಳೂರಿನವರಿಗೆ ಜಿಲ್ಲಾ ಆಸ್ಪತ್ರೆ. ಅಲ್ಲಿಂದ ರೆಫರಲ್ ಚೀಟಿ ತೆಗೆದುಕೊಂಡು ದೊಡ್ಡ ಆಸ್ಪತ್ರೆಗೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ನಿಮ್ಮ ಆಪರೇಷನ್ ಯಾವ ಪ್ಯಾಕೇಜಿಗೆ ಬರುತ್ತದೆ ಅಂತ ಸೇರುವ ಮೊದಲೇ ಆರೋಗ್ಯ ಮಿತ್ರ (ಈ ಯೋಜನೆಗೆ ಅಂತ ಆಸ್ಪತ್ರೆಯಲ್ಲಿ ಇರುವ ಸಹಾಯಕರು) ಹತ್ತಿರ ಕೇಳಿ, ಸೇರಿದ ಮೇಲೆ ಕೇಳಿದರೆ ಪಜೀತಿ. ಎದೆಯ ಅಥವಾ ಕ್ಯಾನ್ಸರ್ ಸರ್ಜನ್ ಮತ್ತು ಪ್ಲಾಸ್ಟಿಕ್ ಸರ್ಜನ್, ಇಬ್ಬರೂ ಒಟ್ಟಿಗೆ ನಿಲ್ಲುವ ಕಡೆಯೇ ಮಾಡಿಸಿ. ಕಿದ್ವಾಯಿಯಲ್ಲಿ ಮೊದಲು ತೋರಿಸಿದ್ದವರು ಹಳೇ ಫೈಲ್ ನಂಬರ್ ಹುಡುಕಿ.

ಕಾಗದದ ಬಗ್ಗೆ ಒಂದು ಮಾತು. ಕರೆಂಟ್ ಮುಗಿದಾಗ ಒಂದು ಹಾಳೆ ಕೊಟ್ಟಿರುತ್ತಾರೆ, ಎಷ್ಟು ಗ್ರೇ, ಎಷ್ಟು ದಿನ, ಯಾವ ಯಾವ ಜಾಗಕ್ಕೆ ಅಂತ ಬರೆದಿರುತ್ತದೆ. ಜನ ಇಡೀ ಟ್ರಂಕಿನಷ್ಟು ಎಕ್ಸ್‌ರೇ ಹೊತ್ತು ತರುತ್ತಾರೆ, ಆ ಒಂದು ಹಾಳೆ ಇರುವುದಿಲ್ಲ. ನಮಗೆ ಬೇಕಾಗಿರುವುದೇ ಅದು. ಎಲ್ಲಿ ತನಕ ಕಿರಣ ಬಿದ್ದಿತ್ತು ಅಂತ ಗೊತ್ತಾದರೆ, ಎಲ್ಲಿಂದ ಆಚೆ ಮಾಂಸ ಚೆನ್ನಾಗಿರುತ್ತದೆ ಅಂತ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ಮಕ್ಕಳಿಗೂ ಕಳಿಸಿಡಿ.

ಪ್ರಶ್ನೆ: ಆಪರೇಷನ್ ಆದಮೇಲೆ ಎಷ್ಟು ದಿನ? ಮನೆಯಲ್ಲಿ ಏನು ನೋಡಿಕೊಳ್ಳಬೇಕು?
– ತರೀಕೆರೆ

ಉತ್ತರ: ಏನೂ ತೊಂದರೆ ಆಗದಿದ್ದರೆ ಆಸ್ಪತ್ರೆಯಲ್ಲಿ ಒಂದರಿಂದ ಎರಡು ವಾರ. ಮೊದಲ ಎರಡು ಮೂರು ದಿನ ರಾತ್ರಿಯೆಲ್ಲ ಸಿಸ್ಟರ್ ಬಂದು ಬಂದು ಹೊಸ ಮಾಂಸದ ಮೇಲೆ ಬೆರಳೊತ್ತಿ ನೋಡುತ್ತಾರೆ, ಬೈಯಬೇಡಿ. ಒತ್ತಿದಾಗ ಬೆಳ್ಳಗಾಗಿ, ಬಿಟ್ಟಾಗ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಬರಬೇಕು. ನೀಲಿಯಾದರೂ, ತೀರಾ ಬಿಳಿಚಿದರೂ ಓಡಬೇಕಾಗುತ್ತದೆ. ಬೆನ್ನಿನಿಂದ ಒಂದು ನಳಿಕೆ ಇಳಿಬಿಟ್ಟಿರುತ್ತಾರೆ, ಅಲ್ಲಿ ನೀರು ಕಟ್ಟುವುದು ಜಾಸ್ತಿ, ಎರಡು ಮೂರು ವಾರ ಇದ್ದರೂ ಆಶ್ಚರ್ಯ ಇಲ್ಲ. ಆ ಮಗ್ಗುಲಿಗೆ ಮಲಗಬಾರದು, ಬಿಗಿ ಬಟ್ಟೆ ಬೇಡ.

ಮೂರು ಬಾಲ್ ಇರುವ ಪ್ಲಾಸ್ಟಿಕ್ ಸಾಮಾನು ಕೊಡುತ್ತಾರೆ, ಶ್ವಾಸಕೋಶ ಅರಳುವುದಕ್ಕೆ. ಅದನ್ನು ಒಳಕ್ಕೆ ಎಳೆಯಬೇಕು. ನಮ್ಮ ಕಡೆಯ ಅಜ್ಜಿಯರ ಕೈಗೆ ಕೊಟ್ಟರೆ ಹತ್ತರಲ್ಲಿ ಎಂಟು ಜನ ಊದುತ್ತಾರೆ. ಜನ್ಮವೆಲ್ಲ ಊದುಗೊಳವೆ ಹಿಡಿದು ಒಲೆ ಊದಿದವರು ಪಾಪ, ಮತ್ತೇನು ಮಾಡುತ್ತಾರೆ. ಒಬ್ಬರು ದಿನಾ ನಿಯತ್ತಾಗಿ ಊದಿ, ‘ಬಾಲೇ ಏಳಲ್ಲ, ಮಿಷನ್ ಕೆಟ್ಟೋಗಿದೆ’ ಅಂತ ನಾಲ್ಕನೇ ದಿನ ದೂರು ಕೊಟ್ಟರು. ಎಳನೀರು ಸ್ಟ್ರಾದಲ್ಲಿ ಕುಡಿದ ಹಾಗೆ ಎಳೆಯಿರಿ ಅಂತ ಹೇಳಿಕೊಡಿ, ಸರಿ ಹೋಗುತ್ತದೆ.

ಹೊಸ ಚರ್ಮಕ್ಕೆ ಸ್ಪರ್ಶ ಇರುವುದಿಲ್ಲ, ಕೆಲವರಿಗೆ ಬೆನ್ನು ತುರಿಸಿದ ಹಾಗೆ ಎದೆಯಲ್ಲಿ ಅನಿಸುತ್ತದೆ. ಹೆದರಬೇಡಿ.

ಪ್ರಶ್ನೆ: ನಮ್ಮ ಅತ್ತೆಗೆ ಇಂಥದ್ದೇ ಗಾಯ. ವಾಸನೆ ಬರುತ್ತದೆ ಅಂತ ಅವರೇ ತಟ್ಟೆ, ಲೋಟ ಬೇರೆ ಇಟ್ಟುಕೊಂಡು ಹಿಂದಿನ ಜಗಲಿಯಲ್ಲಿ ಊಟ ಮಾಡುತ್ತಾರೆ. ಮೊಮ್ಮಗುವನ್ನೂ ಎತ್ತಿಕೊಳ್ಳುವುದಿಲ್ಲ. ಯಾರಿಗೂ ಗಾಯ ತೋರಿಸುವುದಿಲ್ಲ. ಹೇಗೆ ಹೇಳುವುದು?
– ಒಬ್ಬ ಸೊಸೆ, ಆಲೂರು

ಉತ್ತರ: ಅಂಟುವ ರೋಗ ಅಲ್ಲ, ಕಿರಣವೂ ಅವರ ಮೈಯಲ್ಲಿ ಉಳಿದಿಲ್ಲ. ತಟ್ಟೆ ಬೇರೆ ಬೇಡ. ಇದನ್ನು ನೀವು ಹೇಳಿದರೆ ಕೇಳದಿರಬಹುದು, ಡಾಕ್ಟರ ಬಾಯಲ್ಲಿ ಅವರ ಎದುರಿಗೇ ಹೇಳಿಸಿ. ವಾಸನೆಗೆ ಉಪಾಯ ಇದೆ. ಸತ್ತ ಮಾಂಸದಲ್ಲಿ ಬೆಳೆಯುವ ಒಂದು ಜಾತಿಯ ಕ್ರಿಮಿಯಿಂದ ಬರುವುದು ಅದು, ಮೆಟ್ರೊನಿಡಜೋಲ್ ಜೆಲ್ ಹಚ್ಚಿದರೆ ಕೆಲವೇ ದಿನದಲ್ಲಿ ಕಮ್ಮಿ ಆಗುತ್ತದೆ, ಇದ್ದಿಲಿನ ಪದರ ಇರುವ ಡ್ರೆಸ್ಸಿಂಗೂ ಸಿಗುತ್ತದೆ. ಡ್ರೆಸ್ಸಿಂಗ್ ಮಾಡುವವರನ್ನು ಕೇಳಿ. ಸೆಂಟು, ಊದುಬತ್ತಿ ಹಚ್ಚಬೇಡಿ, ಎರಡು ವಾಸನೆ ಸೇರಿ ಇನ್ನೂ ಕೆಟ್ಟದಾಗುತ್ತದೆ.

ತೋರಿಸುವುದಕ್ಕೆ ನಾಚಿಕೆ ಅಂದರೆ ಹೆಂಗಸರೇ ಡಾಕ್ಟರಾಗಿರುವ ಕಡೆ ಕರೆದುಕೊಂಡು ಹೋಗಿ. ಬೆಳಗ್ಗೆ ಮೊದಲ ಬಸ್ಸಿಗೆ ಹೊರಟು ಓಪಿಡಿ ಶುರುವಾಗುವ ಮೊದಲೇ ಚೀಟಿ ಮಾಡಿಸಿಬಿಡಿ, ಜನದ ಮಧ್ಯೆ ಕೂತು ಕಾಯುವುದೇ ಅವರಿಗೆ ದೊಡ್ಡ ಕಷ್ಟ ಇರಬೇಕು. ಹೊರಡುವ ಮುಂಚೆ ಹೊಸ ಡ್ರೆಸ್ಸಿಂಗ್ ಮಾಡಿ, ಇನ್ನೊಂದು ಜೊತೆ ಬಟ್ಟೆ ಚೀಲದಲ್ಲಿಟ್ಟುಕೊಳ್ಳಿ. ಕರೆಂಟ್ ಮುಗಿದಾಗ ಕೊಟ್ಟ ಆ ಹಾಳೆಯನ್ನೂ.